ಹಳೆಯ ತಾರೆ, ಹೊಸ ತೆರೆ

ದೊಡ್ಡ ಹೆಸರು ಮಾಡಿದವರು ಸಣ್ಣ ಕೆಲಸಕ್ಕೆ ಕೈಹಾಕಿದಾಗ ನೋಡುವವರಿಗೆ ಒಂದು ಬಗೆಯ ಸಂಕಟವಾಗುತ್ತದೆ. ಸತ್ಯ ಹೇಳಬೇಕೆಂದರೆ, ಆ ಸಂಕಟದ ಮಗ್ಗುಲಲ್ಲೇ ಒಂದಿಷ್ಟು ತಮಾಷೆಯೂ ಸೇರಿಕೊಂಡಿರುತ್ತದೆ. ಹಾಲಿವುಡ್ಡಿನ ಹಿರಿಯ ತಾರೆಗಳ ವಿಷಯದಲ್ಲಿ ಈಗ ಆಗುತ್ತಿರುವುದು ಇದೇ. ಇಂಗ್ಲಿಷ್ ಚಿತ್ರ ನೋಡಲು ಇಂದು ಯಾರೂ ಪೇಟೆಗೆ ಹೋಗಿ ಚಿತ್ರಮಂದಿರದ ಮುಂದೆ ಸಾಲು ನಿಲ್ಲಬೇಕಾಗಿಲ್ಲ. ತಿಂಗಳ ಚಂದಾ ಕಟ್ಟಿದರೆ ಸಾಕು, ಸ್ಟ್ರೀಮಿಂಗ್ ಸಂಸ್ಥೆಗಳು ಸಾವಿರಾರು ಚಿತ್ರಗಳನ್ನು ಮನೆಯ ಟೆಲಿವಿಷನ್ನಿಗೂ ಅಂಗೈಯ ಫೋನಿಗೂ ತಂದು ಸುರಿಯುತ್ತವೆ. ಆ ರಾಶಿಯಲ್ಲಿ ಬೆರಳಾಡಿಸುತ್ತಿರುವಾಗ ಒಂದು ಪರಿಚಿತ ಮುಖ ಎದುರಾಗುತ್ತದೆ. ಕೂದಲು ನೆರೆತಿದೆ, ಕೈಯಲ್ಲಿ ಪಿಸ್ತೂಲು ಮಾತ್ರ ಹಿಂದಿನಂತೆಯೇ ಇದೆ. ಹಳೆಯ ಸ್ನೇಹಿತನನ್ನು ಕಂಡ ಸಂತೋಷದಿಂದ ಚಿತ್ರ ಹಚ್ಚುತ್ತೇವೆ. ಅರ್ಧ ಗಂಟೆ ಕಳೆಯುವುದರೊಳಗೆ, ಕತೆಯಲ್ಲಿ ಹುರುಳಿಲ್ಲವೆಂದೂ, ನಮ್ಮ ಸ್ನೇಹಿತ ಒಂದೇ ಕೋಣೆಯಲ್ಲಿ ಒಂದೇ ಕುರ್ಚಿಯ ಮೇಲೆ ಕುಳಿತು ಮಾತನಾಡಿ ಹೊರಟುಹೋದನೆಂದೂ ತಿಳಿಯುತ್ತದೆ.

ಆಗ ಏಳುವ ಪ್ರಶ್ನೆ ಸಹಜವಾದದ್ದು. ಇವರಿಗೆ ಇನ್ನೂ ಏನು ಬೇಕು? ಹಣವಿಲ್ಲವೆ? ಕೀರ್ತಿ ಸಾಲದೆ? ಒಳ್ಳೆಯದನ್ನು ಮಾಡಿ ಮುಗಿಸಿದ ಮೇಲೆ ಮನೆಯಲ್ಲಿ ಸುಮ್ಮನೆ ಕುಳಿತರೆ ಏನಾಗುತ್ತಿತ್ತು? ಇದಕ್ಕೆ ಜನ ಕೊಡುವ ಉತ್ತರಗಳು ಎರಡು. ಒಂದು ದುರಾಸೆ, ಇನ್ನೊಂದು, ಬೆಳಕಿನ ಚಟ. ಎರಡೂ ಪೂರ್ತಿ ಸುಳ್ಳಲ್ಲ. ಆದರೆ ದುರಾಸೆಯೂ ಚಟವೂ ಎಲ್ಲ ಕಾಲದಲ್ಲಿಯೂ ಇದ್ದವು. ಈ ಬಗೆಯ ಚಿತ್ರಗಳು ಕೆಲವು ಕಾಲಗಳಲ್ಲಿ ಮಾತ್ರ ಹೆಚ್ಚುತ್ತವೆ. ಆದ್ದರಿಂದ ಕಾರಣವನ್ನು ಮನುಷ್ಯನ ಗುಣದಲ್ಲಿ ಹುಡುಕುವ ಮುನ್ನ ಅವನಿಗೆ ಕೂಲಿ ಸಲ್ಲುವ ರೀತಿಯಲ್ಲಿ ಹುಡುಕುವುದು ನ್ಯಾಯ. ಅದಕ್ಕಾಗಿ ನೂರು ವರ್ಷಕ್ಕೂ ಹಿಂದೆ ಹೋಗಬೇಕಾಗುತ್ತದೆ.

ಅಮೆರಿಕದಲ್ಲಿ ಚಲನಚಿತ್ರ ಹುಟ್ಟಿದ ಹೊಸದರಲ್ಲಿ ನಟನಟಿಯರಿಗೆ ಹೆಸರೇ ಇರಲಿಲ್ಲ. ಇರಲಿಲ್ಲವೆಂದರೆ, ಕಂಪನಿಗಳು ಅದನ್ನು ಹೊರಗೆಡಹುತ್ತಿರಲಿಲ್ಲ. ಹೆಸರು ಗೊತ್ತಾದರೆ ಬೆಲೆ ಏರುತ್ತದೆಂಬ ಭಯ. ಬಯೋಗ್ರಾಫ್ ಕಂಪನಿಯ ಚಿತ್ರಗಳಲ್ಲಿ ಅಭಿನಯಿಸುತ್ತಿದ್ದ ಒಬ್ಬ ನಟಿಯನ್ನು ಜನ ಮೆಚ್ಚಿ, ಹೆಸರು ತಿಳಿಯದೆ, ‘ಬಯೋಗ್ರಾಫ್ ಹುಡುಗಿ’ ಎಂದೇ ಕರೆಯುತ್ತಿದ್ದರು. ಆಕೆ ಫ್ಲಾರೆನ್ಸ್ ಲಾರೆನ್ಸ್. ಕಾರ್ಲ್ ಲೆಮ್ಲಿ ಎಂಬ ಚತುರ ವ್ಯಾಪಾರಿ ಅವಳನ್ನು ತನ್ನ ಕಂಪನಿಗೆ ಸೆಳೆದುಕೊಂಡ. 1910ರಲ್ಲಿ ಆಕೆ ಅಪಘಾತದಲ್ಲಿ ಸತ್ತಳೆಂಬ ವದಂತಿ ಹರಡಿತು. ಒಡನೆಯೇ ಲೆಮ್ಲಿಯ ಕಂಪನಿ, ಇದು ಶತ್ರುಗಳು ಹಬ್ಬಿಸಿದ ಸುಳ್ಳು, ನಮ್ಮ ನಟಿ ಕ್ಷೇಮವಾಗಿದ್ದಾಳೆ ಎಂದು ಹೆಸರು ಹಾಕಿ ಜಾಹೀರಾತು ಕೊಟ್ಟಿತು. ವದಂತಿಯನ್ನು ಹುಟ್ಟಿಸಿದವನೂ ಲೆಮ್ಲಿಯೇ ಎಂದು ಚಿತ್ರೇತಿಹಾಸಕಾರರು ಸಾಮಾನ್ಯವಾಗಿ ನಂಬುತ್ತಾರೆ. ಹೇಗೇ ಇರಲಿ, ಅಂದಿನಿಂದ ನಟನ ಹೆಸರು ಒಂದು ಸರಕಾಯಿತು.

ಈ ಸರಕಿನ ಸ್ವಭಾವವನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಬಟ್ಟೆಯನ್ನು ಮುಟ್ಟಿ ನೋಡಿ ಕೊಳ್ಳಬಹುದು, ಮಾವಿನ ಹಣ್ಣನ್ನು ಮೂಸಿ ನೋಡಿ ಕೊಳ್ಳಬಹುದು. ಸಿನಿಮಾವನ್ನು ಮಾತ್ರ ನೋಡುವ ಮುಂಚೆಯೇ ದುಡ್ಡು ಕೊಟ್ಟು ಕೊಳ್ಳಬೇಕು. ಪ್ರೇಕ್ಷಕನಿಗೂ ಹಾಗೆ, ಚಿತ್ರಮಂದಿರದ ಮಾಲೀಕನಿಗೂ ಹಾಗೆ. ಕಾಣದ ವಸ್ತುವಿಗೆ ಯಾವುದಾದರೊಂದು ಜಾಮೀನು ಬೇಕಷ್ಟೆ. ತಾರೆಯ ಹೆಸರು ಆ ಜಾಮೀನು. ಅದರ ಬೆಲೆ ಎಷ್ಟು ಬೇಗ ಏರಿತೆಂಬುದಕ್ಕೆ ಚಾರ್ಲಿ ಚಾಪ್ಲಿನ್ನನೇ ಸಾಕ್ಷಿ. 1914ರಲ್ಲಿ ವಾರಕ್ಕೆ 150 ಡಾಲರಿಗೆ ಚಿತ್ರರಂಗಕ್ಕೆ ಬಂದ ಆತ 1916ರಲ್ಲಿ ಮ್ಯೂಚುಯಲ್ ಕಂಪನಿಯಿಂದ ವಾರಕ್ಕೆ 10,000 ಡಾಲರನ್ನೂ, ಅದರ ಮೇಲೆ 1,50,000 ಡಾಲರ್ ಇನಾಮನ್ನೂ ಪಡೆದ. ಎರಡು ವರ್ಷದಲ್ಲಿ ಅವನ ಅಭಿನಯ ಅರುವತ್ತು ಪಟ್ಟು ಉತ್ತಮವಾಯಿತೆಂದಲ್ಲ. ಅವನ ಹೆಸರು ಕೊಟ್ಟ ಭರವಸೆ ಅಷ್ಟು ಬೆಳೆದಿತ್ತು.

ಇಲ್ಲೊಂದು ತೊಡಕಿದೆ. ಮುಖಕ್ಕೆ ವಯಸ್ಸಾಗುತ್ತದೆ, ಹೆಸರಿಗೆ ಅಷ್ಟು ಬೇಗ ವಯಸ್ಸಾಗುವುದಿಲ್ಲ. ಮುಖ ಮುಪ್ಪಾದ ಮೇಲೂ ಹೆಸರು ಹತ್ತಿಪ್ಪತ್ತು ವರ್ಷ ಮಾರಾಟವಾಗುತ್ತಿರುತ್ತದೆ. ಆ ಅಂತರದ ವರ್ಷಗಳಲ್ಲಿ ನಟ ಏನು ಮಾಡಬೇಕು? ಹೆಸರೂ ಮಾರದ ದಿನ ಬಂದರೆ ಗತಿ ಏನು? ಫ್ಲಾರೆನ್ಸ್ ಲಾರೆನ್ಸಳೇ ಇದರ ಮೊದಲ ಪಾಠ. ಬಾಳಿನ ಕೊನೆಯಲ್ಲಿ ಆಕೆ ಹೆಸರೂ ಕಾಣಿಸದ ಚಿಲ್ಲರೆ ಪಾತ್ರಗಳನ್ನು ಮಾಡಿಕೊಂಡಿದ್ದು, 1938ರಲ್ಲಿ ತೀರಿಕೊಂಡಳು. ಯಾರ ಹೆಸರಿನಿಂದ ತಾರಾಪದ್ಧತಿ ಆರಂಭವಾಯಿತೋ ಆಕೆಯ ಸಮಾಧಿಯ ಮೇಲೆ 1991ರವರೆಗೆ ಹೆಸರು ಕೆತ್ತಿದ ಕಲ್ಲೊಂದು ಇರಲಿಲ್ಲ.

ಮುಂದಿನ ಮೂವತ್ತು ವರ್ಷ ದೊಡ್ಡ ಸ್ಟುಡಿಯೋಗಳ ಆಳ್ವಿಕೆ. ಮೆಟ್ರೋ, ವಾರ್ನರ್, ಪ್ಯಾರಮೌಂಟ್ ಮುಂತಾದ ಸಂಸ್ಥೆಗಳು ನಟರನ್ನು ಏಳು ವರ್ಷಗಳ ಕರಾರಿನಲ್ಲಿ ಕಟ್ಟಿಹಾಕಿ ವಾರದ ಸಂಬಳಕ್ಕೆ ದುಡಿಸಿಕೊಳ್ಳುತ್ತಿದ್ದವು. ಕೊಟ್ಟ ಪಾತ್ರವನ್ನು ಒಲ್ಲೆನೆಂದರೆ ಕೆಲಸದಿಂದ ಕೆಲಕಾಲ ದೂರವಿಟ್ಟು, ಆ ಕಾಲವನ್ನು ಕರಾರಿನ ಬಾಲಕ್ಕೆ ಜೋಡಿಸುತ್ತಿದ್ದರು. ಹೀಗೆ ಏಳು ವರ್ಷ ಎಂಟಾಗಬಹುದು, ಒಂಬತ್ತಾಗಬಹುದು. ಇದರ ವಿರುದ್ಧ ಒಲಿವಿಯಾ ಡಿ ಹ್ಯಾವಿಲೆಂಡ್ ವಾರ್ನರ್ ಸಂಸ್ಥೆಯ ಮೇಲೆ ವ್ಯಾಜ್ಯ ಹೂಡಿ 1944ರಲ್ಲಿ ಗೆದ್ದಳು. ಏಳು ವರ್ಷವೆಂದರೆ ಪಂಚಾಂಗದ ಏಳು ವರ್ಷವೇ ಎಂದು ಕ್ಯಾಲಿಫೋರ್ನಿಯಾದ ನ್ಯಾಯಾಲಯ ತೀರ್ಮಾನಿಸಿತು. 1948ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ತೀರ್ಪು ಸ್ಟುಡಿಯೋಗಳು ಚಿತ್ರಮಂದಿರಗಳ ಒಡೆತನವನ್ನು ಬಿಡುವಂತೆ ಮಾಡಿತು. ಕೋಟೆಯ ಗೋಡೆ ಬಿರುಕು ಬಿಟ್ಟಿತು. 1950ರಲ್ಲಿ ‘ವಿಂಚೆಸ್ಟರ್ 73’ ಚಿತ್ರಕ್ಕಾಗಿ ಜೇಮ್ಸ್ ಸ್ಟೂಅರ್ಟ್ ಸಂಬಳದ ಬದಲು ಲಾಭದಲ್ಲಿ ಪಾಲು ಪಡೆಯುವ ಒಪ್ಪಂದ ಮಾಡಿಕೊಂಡು ಶ್ರೀಮಂತನಾದ. ಅಂದಿನಿಂದ ದೊಡ್ಡ ತಾರೆಗಳಿಗೆ ಈ ಪಾಲು ಒಂದು ಹಕ್ಕಿನಂತಾಯಿತು.

ಆದರೆ ಅದಕ್ಕೆ ಮುಂಚೆ ಮಾಡಿದ ಕೆಲಸದ ಗತಿ ಏನು? ಅಷ್ಟರಲ್ಲಿ ಟೆಲಿವಿಷನ್ ಬಂದಿತ್ತು. ಸ್ಟುಡಿಯೋಗಳು ಕಪಾಟಿನಲ್ಲಿ ಧೂಳು ಹಿಡಿದಿದ್ದ ಹಳೆಯ ಚಿತ್ರಗಳನ್ನು ಗಂಟುಗಂಟಾಗಿ ಟೆಲಿವಿಷನ್ನಿಗೆ ಮಾರಿ ಹಣ ಎಣಿಸತೊಡಗಿದವು. ದಿನವೂ ಮನೆಮನೆಗಳಲ್ಲಿ ತಮ್ಮ ಯೌವನ ಕುಣಿಯುತ್ತಿರುವುದನ್ನು ಮುದಿ ನಟರು ನೋಡಬೇಕಾಯಿತು. ಕಾಸು ಮಾತ್ರ ಬರಲಿಲ್ಲ. 1960ರ ಮಾರ್ಚಿಯಲ್ಲಿ ನಟರ ಸಂಘ ಮುಷ್ಕರ ಹೂಡಿತು. ಆಗ ಸಂಘದ ಅಧ್ಯಕ್ಷ, ಮುಂದೆ ದೇಶಕ್ಕೇ ಅಧ್ಯಕ್ಷನಾದ ರೊನಾಲ್ಡ್ ರೇಗನ್. ಏಪ್ರಿಲಿನಲ್ಲಿ ರಾಜಿಯಾಯಿತು. 1960ರಿಂದ ಮುಂದೆ ತಯಾರಾಗುವ ಚಿತ್ರಗಳು ಟೆಲಿವಿಷನ್ನಿಗೆ ಹೋದರೆ ನಟರಿಗೆ ಮರುಪ್ರದರ್ಶನದ ಸಂಭಾವನೆ ಸಿಗಬೇಕು. ಅದಕ್ಕೆ ಹಿಂದಿನ ಚಿತ್ರಗಳಿಗೆ ಏನೂ ಇಲ್ಲ, ಅದರ ಬದಲು ಪಿಂಚಣಿ ಹಾಗೂ ಆರೋಗ್ಯ ನಿಧಿಗೆಂದು ಒಟ್ಟು 22.5 ಲಕ್ಷ ಡಾಲರ್. ಮುಂದಿನ ಪೀಳಿಗೆಗೆ ಇದು ದೊಡ್ಡ ವಿಜಯ. ಹಿಂದಿನ ಪೀಳಿಗೆಗೆ ಮಾತ್ರ ಬಾಗಿಲು ಮುಚ್ಚಿತು.

ಮಿಕಿ ರೂನಿಯ ಬದುಕು ಈ ಮುಚ್ಚಿದ ಬಾಗಿಲಿನ ಕತೆ. 1939, 1940, 1941, ಹೀಗೆ ಸತತ ಮೂರು ವರ್ಷ ಅಮೆರಿಕದಲ್ಲಿ ಅವನಷ್ಟು ಹಣ ತರುವ ತಾರೆ ಇನ್ನೊಬ್ಬನಿರಲಿಲ್ಲ. 1962ರಲ್ಲಿ ಅವನು ದಿವಾಳಿ ಅರ್ಜಿ ಸಲ್ಲಿಸಿದ. ಜೂಜೂ ಹಲವು ಮದುವೆಗಳೂ ಅವನ ಕೈ ಬರಿದುಮಾಡಿದ್ದವೆಂಬುದು ನಿಜ. ಆದರೂ ತನ್ನ ಹಳೆಯ ಚಿತ್ರಗಳಿಂದ ಇತರರು ಗಳಿಸುತ್ತಿರುವುದು ಅವನಿಗೆ ಸಹಿಸಲಿಲ್ಲ. ತನ್ನಂಥ ನಟರೆಲ್ಲರ ಪರವಾಗಿ ಸ್ಟುಡಿಯೋಗಳ ಮೇಲೆ ಮೊಕದ್ದಮೆ ಹೂಡಿದ. 1982ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ಸೋತ. 2014ರಲ್ಲಿ 93ನೆಯ ವಯಸ್ಸಿನಲ್ಲಿ ಸಾಯುವವರೆಗೂ ದುಡಿಯುತ್ತಲೇ ಇದ್ದ. ಅವನ ಕಡೆಗಾಲದ ಚಿತ್ರಗಳ ಪಟ್ಟಿ ನೋಡಿ ನಗುವವರು, ಆ ಪಟ್ಟಿಯ ಪಕ್ಕದಲ್ಲಿ ಈ ಲೆಕ್ಕವನ್ನೂ ಬರೆದುಕೊಳ್ಳುವುದು ಒಳ್ಳೆಯದು. ಹಳೆಯ ಶ್ರಮ ಅನ್ನ ಹಾಕದಿದ್ದರೆ ಹೊಸ ಶ್ರಮ ಮಾಡಲೇಬೇಕು.

ನಟಿಯರ ಪಾಡು ಇನ್ನೂ ಬಿಗಿಯಾದದ್ದು. ನಾಯಕನಿಗೆ ಐವತ್ತಾದರೂ ನಾಯಕನೇ. ನಾಯಕಿಗೆ ನಲವತ್ತಾದರೆ ಅವಳು ಅವನ ತಾಯಿ. 1962ರ ಸೆಪ್ಟೆಂಬರಿನಲ್ಲಿ ಚಿತ್ರೋದ್ಯಮದ ಪತ್ರಿಕೆಯಲ್ಲಿ ಒಂದು ‘ಕೆಲಸ ಬೇಕಾಗಿದೆ’ ಜಾಹೀರಾತು ಕಾಣಿಸಿಕೊಂಡಿತು. ಮೂರು ಮಕ್ಕಳ ತಾಯಿ, ವಿಚ್ಛೇದಿತೆ, ಚಿತ್ರರಂಗದಲ್ಲಿ ಮೂವತ್ತು ವರ್ಷಗಳ ಅನುಭವವಿದೆ, ಹಾಲಿವುಡ್ಡಿನಲ್ಲಿ ಖಾಯಂ ಕೆಲಸ ಬೇಕು ಎಂಬುದು ಅದರ ಸಾರಾಂಶ. ಕೊಟ್ಟವಳು ಎರಡು ಆಸ್ಕರ್ ಪಡೆದ ಬೆಟಿ ಡೇವಿಸ್. ಅರ್ಧ ವಿನೋದಕ್ಕೆ, ಅರ್ಧ ನಿಜಕ್ಕೆ. ಆ ಹೊತ್ತಿಗೆ ಅವಳೂ ಜೋನ್ ಕ್ರಾಫರ್ಡಳೂ ಸೇರಿ ‘ವಾಟ್ ಎವರ್ ಹ್ಯಾಪನ್ಡ್ ಟು ಬೇಬಿ ಜೇನ್?’ ಎಂಬ ಚಿತ್ರ ಮುಗಿಸಿದ್ದರು. ಮರೆತುಹೋದ ಇಬ್ಬರು ಮುದಿ ನಟಿಯರೇ ಅದರ ಕಥಾಪಾತ್ರಗಳು. ಸಣ್ಣ ಬಂಡವಾಳದ ಚಿತ್ರ. ಇಬ್ಬರೂ ಕಡಿಮೆ ಸಂಬಳಕ್ಕೆ ಒಪ್ಪಿ ಲಾಭದಲ್ಲಿ ಪಾಲು ಕೇಳಿದ್ದರು. ಚಿತ್ರ ಗೆದ್ದಿತು. ಗೆದ್ದದ್ದೇ ತಡ, ಹಿರಿಯ ನಟಿಯರಿಗೆ ಕೊಡಲಿ ಹಿಡಿಸಿ ಕಿರಿಚಿಸುವ ಚಿತ್ರಗಳ ಸಾಲೇ ಹೊರಟಿತು. ಒಳ್ಳೆಯದೊಂದು ನಡೆದರೆ ಅದರ ಹತ್ತು ನಕಲು ತೆಗೆಯುವುದು ಉದ್ಯಮದ ಹಳೆಯ ಪದ್ಧತಿ. ಕ್ರಾಫರ್ಡಳ ಕೊನೆಯ ಚಿತ್ರ 1970ರ ‘ಟ್ರಾಗ್’. ಗುಹೆಯಲ್ಲಿ ಸಿಕ್ಕ ವಾನರಮಾನವನಿಗೆ ಪಾಠ ಹೇಳುವ ವಿಜ್ಞಾನಿಯ ಪಾತ್ರ. ಆಕೆ ಅದನ್ನೂ ಒಂದು ಮಹಾಪಾತ್ರವೆಂಬಂತೆ ಶ್ರದ್ಧೆಯಿಂದಲೇ ಮಾಡಿದಳು. ನೋಡುವವರಿಗೆ ಕಷ್ಟವಾಗುವುದು ಆ ಶ್ರದ್ಧೆಯಿಂದಲೇ.

ಶ್ರದ್ಧೆಯ ಮಾತು ಬಂದಾಗ ಇನ್ನಿಬ್ಬರನ್ನು ನೆನೆಯಬೇಕು. ‘ದಿ ಜನರಲ್’ನಂತಹ ಮೂಕಚಿತ್ರವನ್ನು 1926ರಲ್ಲಿ ಕೊಟ್ಟ ಬಸ್ಟರ್ ಕೀಟನ್ 1965ರಲ್ಲಿ ಹರೆಯದವರ ಕಡಲತೀರದ ಹಾಡು-ಕುಣಿತದ ಚಿತ್ರಗಳಲ್ಲಿ ವಿದೂಷಕನ ವೇಷ ಹಾಕುತ್ತಿದ್ದ. ಆದರೆ ಅದೇ 1965ರಲ್ಲಿ ಸ್ಯಾಮ್ಯುಯಲ್ ಬೆಕೆಟ್ ಬರೆದ ‘ಫಿಲ್ಮ್’ ಎಂಬ ಕಿರುಚಿತ್ರದಲ್ಲಿಯೂ, ಕೆನಡಾದ ರೈಲು ಹಳಿಗಳ ಮೇಲೆ ಒಬ್ಬನೇ ಸಾಗುವ ‘ದಿ ರೇಲ್‌ರಾಡರ್’ ಎಂಬ ಮುದ್ದಾದ ಚಿತ್ರದಲ್ಲಿಯೂ ಅವನನ್ನು ಕಾಣಬಹುದು. ಮನುಷ್ಯ ಒಬ್ಬನೇ, ಮುಪ್ಪೂ ಅದೇ, ಕೆಲಸ ಕೊಟ್ಟವರು ಬೇರೆ. ‘ಫ್ರಾಂಕೆನ್‌ಸ್ಟೈನ್’ನ ರಾಕ್ಷಸನಾಗಿ 1931ರಲ್ಲಿ ಲೋಕವನ್ನು ಹೆದರಿಸಿದ ಬೋರಿಸ್ ಕಾರ್ಲಾಫನ ಕತೆಯೂ ಹಾಗೆಯೇ. ಎಂಬತ್ತರ ಹಣ್ಣು ಮುದುಕನಾಗಿ, ಶ್ವಾಸಕೋಶ ಸೋತು ಆಮ್ಲಜನಕದ ನೆರವಿನಲ್ಲಿದ್ದಾಗ, 1968ರಲ್ಲಿ ಅವನು ನಾಲ್ಕು ಮೆಕ್ಸಿಕೋ ಚಿತ್ರಗಳಿಗೆ ಒಪ್ಪಿಕೊಂಡ. ಅವನು ಅಲ್ಲಿಗೆ ಹೋಗಲಾರದ್ದರಿಂದ ಅವನ ಭಾಗಗಳನ್ನಷ್ಟೇ ಲಾಸ್ ಏಂಜಲಿಸಿನಲ್ಲಿ ಚಿತ್ರೀಕರಿಸಿಕೊಂಡು, ಉಳಿದುದನ್ನು ಬೇರೆಡೆ ಮಾಡಿ ಹೊಲಿದರು. ಅವು ಅವನು ಸತ್ತ ಮೇಲೆ ಹೊರಬಂದವು; ನೋಡದಿದ್ದರೆ ನಷ್ಟವಿಲ್ಲ. ಆದರೆ ರೋಜರ್ ಕಾರ್ಮನ್ ಎಂಬ ನಿರ್ಮಾಪಕನಿಗೆ ಅವನು ಇನ್ನೂ ಎರಡು ದಿನದ ಕೆಲಸ ಬಾಕಿಯಿದ್ದ. ಆ ಎರಡು ದಿನದ ಬಾಕಿಯ ಮೇಲೆ ಪೀಟರ್ ಬಗ್ಡಾನೊವಿಚ್ ಎಂಬ ಹೊಸ ನಿರ್ದೇಶಕ, ನಿವೃತ್ತನಾಗಬಯಸುವ ಮುದಿ ನಟನೊಬ್ಬನ ಕತೆ ಕಟ್ಟಿ ‘ಟಾರ್ಗೆಟ್ಸ್’ ತೆಗೆದ. ಅದು ಇಂದಿಗೂ ನಿಲ್ಲುವ ಚಿತ್ರ. ಎರಡು ದಿನದ ಕೂಲಿಯಿಂದ ಕಸವೂ ಹುಟ್ಟಬಹುದು, ಕಲೆಯೂ ಹುಟ್ಟಬಹುದು ಎಂದಾಯಿತು.

ಎಪ್ಪತ್ತರ ದಶಕದ ಕೊನೆಗೆ ವಿಡಿಯೋ ಕ್ಯಾಸೆಟ್ ಬಂತು. ಅಂಗಡಿಯ ಹಲಗೆಯ ಮೇಲೆ ನೂರಾರು ಡಬ್ಬಿಗಳು. ಗಿರಾಕಿ ಡಬ್ಬಿಯ ಮುಖಪುಟ ನೋಡಿಯೇ ಆರಿಸಬೇಕು. ಲೆಮ್ಲಿಯ ಕಾಲದ ಜಾಮೀನು ಮತ್ತೆ ಬೇಕಾಯಿತು. ಇದರ ಜೊತೆಗೆ ಚಿತ್ರ ತೆಗೆಯುವ ಮುಂಚೆಯೇ ಅದನ್ನು ದೇಶದೇಶಗಳಿಗೆ ಮಾರುವ ವ್ಯಾಪಾರವೂ ಬೆಳೆಯಿತು. 1979ರಲ್ಲಿ ಕ್ಯಾನನ್ ಕಂಪನಿಯನ್ನು ಕೊಂಡ ಗೋಲನ್ ಮತ್ತು ಗ್ಲೋಬಸ್ ಎಂಬ ಇಸ್ರೇಲಿ ಜೋಡಿ ಇದರಲ್ಲಿ ನಿಪುಣರು. ಕಾನ್ ಚಿತ್ರೋತ್ಸವದ ಸಂತೆಯಲ್ಲಿ ಒಂದು ಭಿತ್ತಿಪತ್ರ, ಅದರ ಮೇಲೊಂದು ಹೆಸರು, ಚಿತ್ರಕತೆ ಆಮೇಲೆ. ಆ ಹೆಸರು ಬಹುಮಟ್ಟಿಗೆ ಚಾರ್ಲ್ಸ್ ಬ್ರಾನ್ಸನ್ನನದು. 1974ರಲ್ಲಿ ‘ಡೆತ್ ವಿಶ್’ ಚಿತ್ರದಿಂದ ಗೆದ್ದ ಆತ 1994ರಲ್ಲಿ ಅದೇ ಹೆಸರಿನ ಐದನೆಯ ಚಿತ್ರದಲ್ಲಿ, 72ರ ವಯಸ್ಸಿನಲ್ಲಿ, ದುಷ್ಟರನ್ನು ಸಂಹರಿಸುತ್ತಲೇ ಇದ್ದ. ಮೈಕೇಲ್ ಕೇನ್ ಎಂಬ ಇಂಗ್ಲೆಂಡಿನ ದೊಡ್ಡ ನಟ 1987ರಲ್ಲಿ ಆಸ್ಕರ್ ಗೆದ್ದಾಗ ಅದನ್ನು ಸ್ವೀಕರಿಸಲು ಬರಲಾಗಲಿಲ್ಲ. ಆಗ ಅವನು ಬಹಾಮಾ ದ್ವೀಪಗಳಲ್ಲಿ ಶಾರ್ಕ್ ಮೀನಿನ ನಾಲ್ಕನೆಯ ಚಿತ್ರದಲ್ಲಿ ಅಭಿನಯಿಸುತ್ತಿದ್ದ. ಆ ಚಿತ್ರವನ್ನು ತಾನು ನೋಡಿಲ್ಲ, ಅದರ ಹಣದಿಂದ ಕಟ್ಟಿದ ಮನೆಯನ್ನು ನೋಡಿದ್ದೇನೆ, ಮನೆ ಚೆನ್ನಾಗಿದೆ ಎಂಬರ್ಥದ ಮಾತನ್ನು ಅವನು ಮುಂದೆ ಆಡಿದ. ಇಷ್ಟು ಪ್ರಾಮಾಣಿಕವಾಗಿ ಹೇಳಿದವರು ವಿರಳ.

ಹೀಗಿದ್ದರೂ ಆ ಕಾಲದಲ್ಲಿ ಒಂದು ಕಡಿವಾಣವಿತ್ತು. ಚಿತ್ರ ಸೋತರೆ ಅದು ಊರಿಗೆಲ್ಲ ತಿಳಿಯುತ್ತಿತ್ತು. ಸೋಮವಾರದ ಪತ್ರಿಕೆಯಲ್ಲಿ ಗಲ್ಲಾಪೆಟ್ಟಿಗೆಯ ಅಂಕಿ ಬರುತ್ತಿತ್ತು. ಎರಡು ಸೋಲು, ಮೂರು ಸೋಲು ಎಂದರೆ ತಾರೆಯ ಬೆಲೆ ಇಳಿಯುತ್ತಿತ್ತು. ಪಾಲಿನ ಆಸೆಯಿದ್ದವನು ಕತೆಯನ್ನೂ ನಿರ್ದೇಶಕನನ್ನೂ ನೋಡಿ ಒಪ್ಪುತ್ತಿದ್ದ, ಏಕೆಂದರೆ ಚಿತ್ರ ಗೆದ್ದರೆ ತಾನೆ ಪಾಲು? ಒಳ್ಳೆಯ ಚಿತ್ರವೇ ಗೆಲ್ಲುತ್ತದೆಂದಲ್ಲ. ಆದರೆ ಗೆಲ್ಲಬೇಕೆಂಬ ಹಟವಾದರೂ ಇತ್ತು.

ಸ್ಟ್ರೀಮಿಂಗ್ ಪದ್ಧತಿ ಬದಲಾಯಿಸಿದ್ದು ಇದನ್ನು. 1997ರಲ್ಲಿ ಸ್ಥಾಪನೆಯಾಗಿ ಅಂಚೆಯ ಮೂಲಕ ಡಿವಿಡಿ ಬಾಡಿಗೆಗೆ ಕೊಡುತ್ತಿದ್ದ ನೆಟ್‌ಫ್ಲಿಕ್ಸ್ 2007ರಲ್ಲಿ ಅಂತರ್ಜಾಲದ ಮೂಲಕ ಚಿತ್ರ ತೋರಿಸತೊಡಗಿತು. 2013ರಲ್ಲಿ ‘ಹೌಸ್ ಆಫ್ ಕಾರ್ಡ್ಸ್’ ಧಾರಾವಾಹಿಯಿಂದ ಸ್ವಂತ ನಿರ್ಮಾಣಗಳಿಗೆ ಹೆಸರಾಯಿತು. 2014ರಲ್ಲಿ ಹಾಸ್ಯನಟ ಆಡಮ್ ಸ್ಯಾಂಡ್ಲರನೊಡನೆ ಒಮ್ಮೆಗೇ ನಾಲ್ಕು ಚಿತ್ರಗಳಿಗೆ ಒಪ್ಪಂದ ಮಾಡಿಕೊಂಡಿತು. ಅವನಿಗಿನ್ನೂ ಐವತ್ತಾಗಿರಲಿಲ್ಲ, ಆದರೆ ಹಿರಿಯರು ಮುಂದೆ ನಡೆದ ದಾರಿಗೆ ಮೈಲಿಗಲ್ಲು ನೆಟ್ಟವನು ಅವನೇ. ವಿಮರ್ಶಕರು ಆ ಚಿತ್ರಗಳನ್ನು ಹೀಗಳೆದರು. ಸಂಸ್ಥೆಗೆ ಅದರಿಂದ ಬಾಧೆಯಾಗಲಿಲ್ಲ, ಒಪ್ಪಂದಗಳು ಮುಂದುವರಿದವು. ಈ ಸಂಸ್ಥೆಗಳು ಟಿಕೆಟ್ಟು ಮಾರುವುದಿಲ್ಲ, ಚಂದಾ ಮಾರುತ್ತವೆ. ಟಿಕೆಟ್ಟಿಲ್ಲದಿದ್ದರೆ ಲಾಭದಲ್ಲಿ ಪಾಲೆಂಬುದಕ್ಕೆ ಅರ್ಥವಿಲ್ಲ. ಆದ್ದರಿಂದ ಚಿತ್ರ ಗೆದ್ದಿದ್ದರೆ ತಾರೆಗೆ ಎಷ್ಟು ಸಿಗಬಹುದಿತ್ತೋ ಅದನ್ನು ಅಂದಾಜು ಮಾಡಿ ಸಂಬಳದ ಜೊತೆಗೆ ಮುಂಗಡವಾಗಿಯೇ ಸೇರಿಸಿ ಕೊಟ್ಟುಬಿಡುತ್ತಾರೆ. ಗೆಲುವಿನ ಹಣ ಗೆಲ್ಲುವ ಮುಂಚೆಯೇ ಕೈಗೆ ಬಂದಮೇಲೆ, ಗೆಲ್ಲುವ ಗರಜು ಯಾರಿಗೆ?

ಸೋಲಿನ ಭಯವೂ ಇಲ್ಲ. ಯಾವ ಚಿತ್ರವನ್ನು ಎಷ್ಟು ಜನ ನೋಡಿದರೆಂಬುದು ಬಹುಕಾಲ ಸಂಸ್ಥೆಯ ಗುಟ್ಟಾಗಿಯೇ ಇತ್ತು. ನೆಟ್‌ಫ್ಲಿಕ್ಸ್ ತನ್ನ 18,000ಕ್ಕೂ ಹೆಚ್ಚು ಚಿತ್ರ-ಧಾರಾವಾಹಿಗಳ ವೀಕ್ಷಣೆಯ ಗಂಟೆಗಳನ್ನು ಮೊದಲಬಾರಿ ಪ್ರಕಟಿಸಿದ್ದು 2023ರ ಡಿಸೆಂಬರಿನಲ್ಲಿ. ಇನ್ನು ಹಿರಿಯ ತಾರೆಯೇ ಏಕೆ ಬೇಕು? ವಿಡಿಯೋ ಡಬ್ಬಿಯ ಮುಖಪುಟ ಈಗ ಬೆರಳುಗಾತ್ರದ ಚಿತ್ರವಾಗಿ ಪರದೆಯ ಮೇಲೆ ಕೂತಿದೆ. ಪ್ರಪಂಚದ ಮೂಲೆಮೂಲೆಯ ಚಂದಾದಾರರು, ಅಪ್ಪನೂ ಮಗನೂ, ಕಣ್ಣು ಹಾಯಿಸಿದೊಡನೆ ಗುರುತಿಸುವ ಮುಖ ಬೇಕಾದರೆ ಅದು ಟೆಲಿವಿಷನ್, ಕ್ಯಾಸೆಟ್, ಡಿವಿಡಿ ಎಲ್ಲವನ್ನೂ ದಾಟಿ ಬಂದ ಮುಖವಾಗಿರಬೇಕು. ಹೊಸಬರ ಮುಖಗಳಿಗೆ ಇನ್ನೂ ಆ ಸವಕಲು ಬಂದಿಲ್ಲ. ಇತ್ತ ಚಿತ್ರಮಂದಿರಗಳು ಹೆಚ್ಚಾಗಿ ಅತಿಮಾನುಷ ವೀರರ ಕೈಸೇರಿದವು. ನಡುವಯಸ್ಸಿನವರ ಸಂಸಾರ, ನಡುಬಂಡವಾಳದ ಪತ್ತೇದಾರಿ ಕತೆ, ಇಂಥವೆಲ್ಲ ಮನೆಯ ತೆರೆಗೆ ವಲಸೆ ಹೋದವು. ಅವುಗಳೊಡನೆ ಅವುಗಳ ನಟರೂ ಹೋದರು. ಬೇರೆ ಎಲ್ಲಿಗೆ ಹೋಗಬೇಕಿತ್ತು?

ತಾರೆಗಳ ಕಡೆಯ ಕಾರಣಗಳೂ ಇವೆ, ಅವು ಮನುಷ್ಯಸಹಜವಾದವು. ಅಲ್ ಪಚೀನೋ 2024ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ, ಲೆಕ್ಕಪತ್ರ ನೋಡುವವನನ್ನು ನಂಬಿ 2011ರ ಸುಮಾರಿಗೆ ತನ್ನ ಆಸ್ತಿಯೆಲ್ಲ ಕರಗಿಹೋಯಿತೆಂದೂ, ‘ಜ್ಯಾಕ್ ಅಂಡ್ ಜಿಲ್’ ಎಂಬ ಹಾಸ್ಯಚಿತ್ರಕ್ಕೆ ಒಪ್ಪಿದ್ದು ಆ ಮೇಲೆಂದೂ ಹೇಳಿಕೊಂಡಿದ್ದಾನೆ. ನಿಕೊಲಾಸ್ ಕೇಜ್ ಸುಮಾರು 60 ಲಕ್ಷ ಡಾಲರಿನ ಸಾಲ ತೀರಿಸಲು ಚಿತ್ರದ ಮೇಲೆ ಚಿತ್ರ ಮಾಡಿ, ಅದು ತೀರಿತೆಂದು 2022ರಲ್ಲಿ ಬಹಿರಂಗವಾಗಿ ತಿಳಿಸಿದ. ಸಾಲವನ್ನು ಮುಳುಗಿಸದೆ ದುಡಿದು ತೀರಿಸುವುದನ್ನು ನಮ್ಮ ಕಡೆ ಮರ್ಯಾದೆಯೆಂದೇ ಕರೆಯುತ್ತಾರೆ. ಸಾಮಾನ್ಯ ನಟರಿಗೆ ಇನ್ನೊಂದು ಕಾಟ. 2021ರಿಂದ ಸಂಘದ ಆರೋಗ್ಯ ವಿಮೆಯ ನಿಯಮ ಬದಲಾಗಿ, 65 ದಾಟಿ ಪಿಂಚಣಿ ಪಡೆಯುವವರಿಗೆ ಮರುಪ್ರದರ್ಶನದ ಆದಾಯವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವೆಂದಾಯಿತು. ಹೊಸ ಕೆಲಸದ ದುಡಿಮೆಯೇ ಬೇಕು. ಸಂಘದ ಮಾಜಿ ಅಧ್ಯಕ್ಷನಾದ ಎಡ್ ಆಸ್ನರ್ ತೊಂಬತ್ತೊಂದರ ವಯಸ್ಸಿನಲ್ಲಿ ಇದರ ವಿರುದ್ಧ ನ್ಯಾಯಾಲಯದ ಮೆಟ್ಟಿಲು ಹತ್ತಿದ.

ಹಳೆಯ ಶ್ರಮಕ್ಕೆ ಕೂಲಿ ಯಾರದೆಂಬ 1960ರ ಜಗಳ ಇನ್ನೂ ಮುಗಿದಿಲ್ಲ. 2021ರಲ್ಲಿ ಸ್ಕಾರ್ಲೆಟ್ ಜೊಹಾನ್ಸನ್, ತನ್ನ ಚಿತ್ರವನ್ನು ಚಿತ್ರಮಂದಿರದೊಡನೆ ಏಕಕಾಲಕ್ಕೆ ಮನೆಗೂ ಬಿಟ್ಟು ತನ್ನ ಪಾಲಿಗೆ ಧಕ್ಕೆ ತಂದರೆಂದು ಡಿಸ್ನಿ ಸಂಸ್ಥೆಯ ಮೇಲೆ ದಾವೆ ಹೂಡಿದಳು. ಎರಡು ತಿಂಗಳಲ್ಲಿ ರಾಜಿಯಾಯಿತು. 2023ರಲ್ಲಿ ನಟರು 118 ದಿನ ಮುಷ್ಕರ ನಡೆಸಿದರು. ಬೇಡಿಕೆಗಳಲ್ಲಿ ಮುಖ್ಯವಾದದ್ದೊಂದು, ಸ್ಟ್ರೀಮಿಂಗಿನಲ್ಲಿ ಬಹಳ ಜನ ನೋಡಿದ ಚಿತ್ರಕ್ಕೆ ಹೆಚ್ಚಿನ ಸಂಭಾವನೆ ಬರಬೇಕೆಂಬುದು. ಅದರಲ್ಲಿ ಒಂದು ಪಾಲು ದಕ್ಕಿತು. ರೂನಿ ಕೇಳಿದ್ದೂ ಇದನ್ನೇ.

ಮನೆಯ ತೆರೆಯೇ ಕೆಟ್ಟದ್ದು ಎಂದು ಯಾರೂ ತಿಳಿಯಬಾರದು. ಸ್ಟುಡಿಯೋ ಖರ್ಚಿಗೆ ಹೆದರಿ ಕೈಬಿಟ್ಟ ‘ದಿ ಐರಿಷ್‌ಮನ್’ ಚಿತ್ರವನ್ನು 2019ರಲ್ಲಿ ಹೊರತಂದದ್ದು ನೆಟ್‌ಫ್ಲಿಕ್ಸೇ; ಅದರಲ್ಲಿ ಎಪ್ಪತ್ತು ದಾಟಿದ ಡಿ ನೀರೋ, ಪಚೀನೋ, ಜೋ ಪೆಶಿ ಮೂವರೂ ಮುಪ್ಪನ್ನೇ ವಸ್ತುವಾಗಿ ಮಾಡಿಕೊಂಡು ಅಭಿನಯಿಸಿದ್ದಾರೆ. ಅದೇ ವರ್ಷದ ‘ದಿ ಟೂ ಪೋಪ್ಸ್’ನಲ್ಲಿ ಆಂಥೊನಿ ಹಾಪ್‌ಕಿನ್ಸ್ ಮತ್ತು ಜೊನಥನ್ ಪ್ರೈಸ್ ಮಾತಿನಲ್ಲೇ ಚಿತ್ರವನ್ನು ನಿಲ್ಲಿಸಿದ್ದಾರೆ. 2015ರಲ್ಲಿ ಜೇನ್ ಫೊಂಡಾ, ಲಿಲಿ ಟಾಮ್ಲಿನ್ ಎಂಬ ಎಪ್ಪತ್ತೈದು ದಾಟಿದ ಇಬ್ಬರು ನಟಿಯರನ್ನು ನಾಯಕಿಯರಾಗಿಟ್ಟು ಆರಂಭವಾದ ಧಾರಾವಾಹಿ 2022ರವರೆಗೆ 94 ಕಂತು ನಡೆಯಿತು. ಕೆಲಸ ಬೇಕೆಂದು ಜಾಹೀರಾತು ಕೊಟ್ಟ ಬೆಟಿ ಡೇವಿಸಳಿಗೆ ಆಗ ವಯಸ್ಸು ಬರೀ 54. ಒಳ್ಳೆಯದು ಕೆಟ್ಟದ್ದೆಂದು ತೀರ್ಪು ಹೇಳುವವರೂ ಎಷ್ಟು ಗಟ್ಟಿ? 2020ರ ‘ಹಿಲ್‌ಬಿಲಿ ಎಲಿಜಿ’ ಚಿತ್ರದ ಒಂದೇ ಪಾತ್ರಕ್ಕಾಗಿ ಗ್ಲೆನ್ ಕ್ಲೋಸಳ ಹೆಸರು ಆಸ್ಕರ್ ಪ್ರಶಸ್ತಿಗೂ, ಅತ್ಯಂತ ಕೆಟ್ಟ ಅಭಿನಯಕ್ಕೆ ಕೊಡುವ ರಾಜ್ಜಿ ಎಂಬ ಅಣಕು ಪ್ರಶಸ್ತಿಗೂ ಸೂಚಿತವಾಗಿತ್ತು.

ಆ ಅಣಕು ಪ್ರಶಸ್ತಿಯ ವಿಷಯದಲ್ಲಿ ಇನ್ನೊಂದು ಘಟನೆಯನ್ನು ಹೇಳದೆ ಈ ಲೇಖನವನ್ನು ಮುಗಿಸಲಾಗದು. 1988ರ ‘ಡೈ ಹಾರ್ಡ್’ ಚಿತ್ರದಿಂದ ಲೋಕಪ್ರಸಿದ್ಧನಾದ ಬ್ರೂಸ್ ವಿಲ್ಲಿಸ್ ತನ್ನ ಅರುವತ್ತರ ವಯಸ್ಸಿನಲ್ಲಿ, ಹೆಚ್ಚಾಗಿ ಮನೆಯಲ್ಲೇ ಬಾಡಿಗೆ ಕೊಟ್ಟು ನೋಡುವ ಮಾರುಕಟ್ಟೆಗೆಂದು ತಯಾರಾದ ಅಗ್ಗದ ಸಾಹಸಚಿತ್ರಗಳಲ್ಲಿ ಒಂದರ ಹಿಂದೊಂದು ಕಾಣಿಸಿಕೊಂಡ. 2021ರ ಒಂದೇ ವರ್ಷಕ್ಕೆ ಎಂಟು ಚಿತ್ರ. ಒಂದೊಂದಕ್ಕೂ ಅವನ ಕೆಲಸ ಸಾಮಾನ್ಯವಾಗಿ ಎರಡು ದಿನದ್ದೆಂದು ಪತ್ರಿಕೆಗಳು ಆಮೇಲೆ ವರದಿ ಮಾಡಿದವು. ಕಾರ್ಲಾಫನ ಎರಡು ದಿನ ಇಲ್ಲಿ ಒಂದು ಉದ್ಯಮವೇ ಆಗಿತ್ತು. ರಾಜ್ಜಿಯವರು ತಮಾಷೆಗೆಂದು ಆ ಎಂಟು ಚಿತ್ರಗಳಿಗೇ ಮೀಸಲಾದ ಒಂದು ಪ್ರಶಸ್ತಿ ವಿಭಾಗವನ್ನು ತೆರೆದರು. ಜನ ನಕ್ಕರು. 2022ರ ಮಾರ್ಚ್ 30ರಂದು ಅವನ ಕುಟುಂಬ, ಆತ ಮಾತಿನ ಶಕ್ತಿಯನ್ನು ಕುಂದಿಸುವ ಅಫೇಸಿಯಾ ಎಂಬ ತೊಂದರೆಯಿಂದ ಅಭಿನಯವನ್ನು ಬಿಡುತ್ತಿದ್ದಾನೆಂದು ಪ್ರಕಟಿಸಿತು. ಮರುದಿನವೇ ರಾಜ್ಜಿಯವರು ಆ ಪ್ರಶಸ್ತಿಯನ್ನು ಹಿಂತೆಗೆದುಕೊಂಡರು. 2023ರಲ್ಲಿ ಅದು ಮಿದುಳನ್ನು ಮೆಲ್ಲಮೆಲ್ಲನೆ ತಿನ್ನುವ, ವಾಸಿಯಾಗದ ರೋಗವೆಂದು ತಿಳಿದುಬಂತು.

ಪ್ರಶಸ್ತಿಯನ್ನು ಹಿಂತೆಗೆದುಕೊಳ್ಳಬಹುದು, ನಗೆಯನ್ನು ಹಿಂತೆಗೆದುಕೊಳ್ಳುವುದು ಹೇಗೆ? ನಕ್ಕವರು ಕೆಟ್ಟವರೆಂದು ಹೇಳುತ್ತಿಲ್ಲ. ಅವರಿಗೆ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲದಿರುವುದೇ ಇಲ್ಲಿಯ ಮುಖ್ಯ ಸಂಗತಿ. ಒಬ್ಬ ಹಿರಿಯ ನಟ ಒಂದು ಸಾಧಾರಣ ಚಿತ್ರದಲ್ಲಿ ಕಾಣಿಸಿಕೊಂಡಾಗ ಅದರ ಹಿಂದೆ ಸಾಲವಿದೆಯೋ, ರೋಗವಿದೆಯೋ, ಮೋಸಹೋದ ಉಳಿತಾಯವಿದೆಯೋ, ಮನೆಯಲ್ಲಿ ಸುಮ್ಮನೆ ಕೂರಲಾರದ ಜೀವವಿದೆಯೋ ಅಥವಾ ನಿಜವಾಗಿ ಬರಿಯ ದುರಾಸೆಯೇ ಇದೆಯೋ ತೆರೆಯ ಈಚೆ ಕುಳಿತ ನಮಗೆ ಕಾಣುವುದಿಲ್ಲ. ಕಾಣುವುದು ವ್ಯಾಪಾರದ ರೀತಿ ಒಂದೇ. ಆ ರೀತಿ ಹೆಸರಿಗೆ ಬೆಲೆ ಕಟ್ಟುತ್ತದೆ, ಕೆಲಸಕ್ಕೆ ಅಲ್ಲ. ಹೆಸರನ್ನು ಕೊಟ್ಟರೆ ಸಾಕು ಎಂದು ಹೇಳಿದವರಿಗೆ ಹೆಸರನ್ನಷ್ಟೇ ಕೊಟ್ಟರೆ ಅದು ನಟನೊಬ್ಬನ ತಪ್ಪೆನ್ನಲಾಗದು.

ಇದರಲ್ಲಿ ನಮ್ಮದೂ ಒಂದು ಪಾಲಿದೆ. ಹಿಂದೆ ಕೆಟ್ಟ ಚಿತ್ರ ನೋಡಿ ಬಂದವನು ಟಿಕೆಟ್ಟಿನ ದುಡ್ಡು ಹೋಯಿತೆಂದು ನಾಲ್ಕು ಜನರ ಮುಂದೆ ಬೈಯುತ್ತಿದ್ದ. ಆ ಬೈಗುಳ ಉದ್ಯಮದ ಕಿವಿಗೆ ಬೀಳುತ್ತಿತ್ತು. ಈಗ ಚಂದಾ ಹೇಗೂ ಕಟ್ಟಿದೆ, ಬೇಸರವಾದರೆ ಇನ್ನೊಂದಕ್ಕೆ ಹೋಗುತ್ತೇವೆ. ಇಲ್ಲವೆ ಅದನ್ನು ಓಡಲು ಬಿಟ್ಟು ಊಟಮಾಡುತ್ತೇವೆ, ಫೋನಿನಲ್ಲಿ ಮಾತನಾಡುತ್ತೇವೆ. ಅರ್ಧ ಮನಸ್ಸಿನಿಂದ ನೋಡುವವರಿಗೆ ಅರ್ಧ ಮನಸ್ಸಿನಿಂದ ತೆಗೆದ ಚಿತ್ರ ಸಾಕೆಂಬುದನ್ನು ವ್ಯಾಪಾರಿ ಅರಿತಿದ್ದಾನೆ. ಹಿರಿಯ ತಾರೆಗಳು ಒಳ್ಳೆಯ ಚಿತ್ರಗಳಲ್ಲಿ ಮುಪ್ಪಾಗಬೇಕೆಂಬ ಆಸೆ ನಮಗಿದ್ದರೆ, ಅವರ ಮುಪ್ಪನ್ನು ನೋಡಿ ನಗುವುದರ ಬದಲು, ಅವರು ಚೆನ್ನಾಗಿ ಮಾಡಿದ್ದನ್ನು ಹುಡುಕಿ, ಒಂದೆರಡು ಗಂಟೆ ಬೇರೆಲ್ಲ ಬದಿಗಿಟ್ಟು ನೋಡಬೇಕು. ಗಲ್ಲಾಪೆಟ್ಟಿಗೆ ಹೋದಮೇಲೆ ಪ್ರೇಕ್ಷಕನ ಕೈಯಲ್ಲಿ ಉಳಿದಿರುವುದು ಅಷ್ಟೇ.